ಒಂದೇ ದಿನದಲ್ಲಿ ಫ್ಲಾರೆನ್ಸ್: ಎರಡು ಟಿಕೆಟ್ ಸಾಕು, ಉಳಿದದ್ದು ಬೀದಿಯಲ್ಲೇ ಇದೆ

ಫ್ಲಾರೆನ್ಸ್‌ಗೆ ಒಂದೇ ದಿನ ಸಿಗುತ್ತದೆ ಅನ್ನುವವರಿಗೆ ನನ್ನ ಮೊದಲ ಮಾತು: ಆ ಉದ್ದದ ಪಟ್ಟಿಯನ್ನು ಹರಿದು ಹಾಕಿ. ಉಫೀತ್ಸಿ ಚಿತ್ರಗಳ ಮ್ಯೂಸಿಯಂ, ಡೇವಿಡ್ ವಿಗ್ರಹ, ದೊಡ್ಡ ಚರ್ಚಿನ ಗುಮ್ಮಟ ಹತ್ತುವುದು, ಪಿತ್ತಿ ಅರಮನೆ, ಬೊಬೊಲಿ ತೋಟ, ಸಾಲದ್ದಕ್ಕೆ ಬೆಳಿಗ್ಗೆ ಪಿಸಾ ಗೋಪುರದ ಮುಂದೆ ಒಂದು ಫೋಟೊ. ಇಷ್ಟನ್ನೂ ಒಂದು ದಿನಕ್ಕೆ ತುರುಕಿದರೆ ರಾತ್ರಿ ಮಲಗುವಾಗ ನೆನಪಿರುವುದು ಕ್ಯೂಗಳು ಮಾತ್ರ. ಪ್ಯಾಕೇಜ್ ಟೂರಿನವರು ಇದನ್ನೇ ಮಾಡಿಸುತ್ತಾರೆ, ಅವರ ಬಸ್ಸು, ಅವರ ಲೆಕ್ಕ. ನೀವು ಸ್ವಂತವಾಗಿ ಹೋಗುತ್ತಿದ್ದರೆ ಆ ಗಡಿಬಿಡಿ ಯಾಕೆ?

ದುಡ್ಡು ಕೊಟ್ಟು ಒಳಗೆ ಹೋಗುವ ಜಾಗ ಎರಡೇ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಉಳಿದ ಹೊತ್ತೆಲ್ಲ ನಡೆಯಿರಿ. ಈ ಊರು ನಡೆಯುವವರಿಗೆ ಹೇಳಿ ಮಾಡಿಸಿದಂತಿದೆ: ಉತ್ತರದಿಂದ ದಕ್ಷಿಣಕ್ಕೆ ಅಕಾಡೆಮಿಯಾ ಮ್ಯೂಸಿಯಂ, ದ್ವೋಮೊ (ಗುಮ್ಮಟದ ಆ ದೊಡ್ಡ ಚರ್ಚು), ಸಿನ್ಯೋರಿಯಾ ಚೌಕ, ಆರ್ನೊ ನದಿ, ನದಿಯಾಚೆ ಗುಡ್ಡ, ಎಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ. ಗುಡ್ಡ ಹತ್ತುವುದೊಂದು ಬಿಟ್ಟರೆ ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷದ ನಡಿಗೆ ಇದ್ದರೆ ಜಾಸ್ತಿ. ಆ ಸಾಲು ಹಿಡಿದು ಹೋದರೆ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಗುಡ್ಡದ ಮೇಲೆ ಇರುತ್ತೀರಿ. ಹಿಂದೆ ಮುಂದೆ ಓಡಾಡುವ ಪ್ರಶ್ನೆಯೇ ಇಲ್ಲ.

ಹೊರಡುವ ಮುಂಚೆ

ಸೋಮವಾರ ಬೇಡ. ಉಫೀತ್ಸಿ, ಅಕಾಡೆಮಿಯಾ ಎರಡಕ್ಕೂ ಸೋಮವಾರ ರಜೆ. ಭಾನುವಾರ ದ್ವೋಮೊ ಒಳಗೆ ಪೂಜೆಗೆ ಬಂದವರಿಗೆ ಬಿಟ್ಟರೆ ಪ್ರವಾಸಿಗರಿಗೆ ಪ್ರವೇಶ ಇಲ್ಲ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಎಲ್ಲರಿಗೂ ಪುಕ್ಕಟೆ, ಆದರೆ ಮುಂಗಡ ಬುಕಿಂಗ್ ನಡೆಯುವುದಿಲ್ಲ, ಜನ ಬೆಳಗಿನ ಜಾವಕ್ಕೇ ಬಂದು ನಿಂತಿರುತ್ತಾರೆ. ಒಂದೇ ದಿನ ಇರುವವರಿಗೆ ಆ ಪುಕ್ಕಟೆ ಬಹಳ ದುಬಾರಿ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಆರಿಸಿಕೊಳ್ಳಿ.

ಎರಡೂ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ಸಮಯ ನಮೂದಿಸಿರುವಂಥದ್ದು. ಹುಡುಕಿದಾಗ ಮೇಲೆ ಕಾಣುವ ಸೈಟುಗಳು ಹೆಚ್ಚಿನವು ಮರುಮಾರಾಟದವು, ಅದೇ ಟಿಕೆಟ್ಟಿಗೆ ಒಂದೂವರೆ ಪಟ್ಟು, ಎರಡು ಪಟ್ಟು ಹಾಕುತ್ತಾರೆ. ಮ್ಯೂಸಿಯಂನ ಸ್ವಂತ ಸೈಟ್ ಹುಡುಕಿ. 18 ವರ್ಷದೊಳಗಿನವರಿಗೆ ಸರ್ಕಾರಿ ಮ್ಯೂಸಿಯಂಗಳಲ್ಲಿ ಟಿಕೆಟ್ ಇಲ್ಲ, ಭಾರತದ ಪಾಸ್‌ಪೋರ್ಟ್ ಇದ್ದರೂ ಅಷ್ಟೇ. ಆದರೆ ಸಮಯ ಕಾಯ್ದಿರಿಸುವುದಕ್ಕೆ ಸಣ್ಣ ಶುಲ್ಕ ಇರುತ್ತದೆ, ಮಕ್ಕಳ ವಯಸ್ಸಿಗೆ ದಾಖಲೆ ಕೇಳುತ್ತಾರೆ. ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ.

ರೋಮ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಮಿಲಾನ್‌ನಿಂದ ಎರಡು ಗಂಟೆ, ಬೊಲೊನ್ಯಾದಿಂದ ಮುಕ್ಕಾಲು ಗಂಟೆಗಿಂತ ಕಡಿಮೆ. ವೇಗದ ರೈಲಿನ ಟಿಕೆಟ್ ಮುಂಚೆ ತೆಗೆದರೆ ಅಗ್ಗ. ಪಿಸಾ ಕಡೆಯಿಂದ ಬರುವ ಪ್ರಾದೇಶಿಕ ರೈಲಿಗೆ ದರ ಯಾವಾಗಲೂ ಒಂದೇ, ಆದರೆ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಪಕ್ಕದ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮರೆತರೆ ದಂಡ. ಇಳಿಯಬೇಕಾದದ್ದು ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್. ಫ್ಲಾರೆನ್ಸ್ ಹೆಸರಿನಲ್ಲಿ ಬೇರೆ ಸ್ಟೇಷನ್‌ಗಳೂ ಇವೆ, ಮತ್ತೆ ಇಟಲಿಯವರ ಬೋರ್ಡಿನಲ್ಲಿ ಊರಿನ ಹೆಸರು ಫಿರೆಂತ್ಸೆ. ಲಗೇಜ್ ಇದ್ದರೆ ಸ್ಟೇಷನ್ನಿನಲ್ಲೇ ಇಡುವ ಕೌಂಟರ್ ಇದೆ, ಇಟ್ಟುಬಿಡಿ. ಕಲ್ಲು ಹಾಸಿದ ಬೀದಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯುವುದು ಬೇಡವೇ ಬೇಡ.

ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವ ನಮ್ಮವರು ಕಾರಿನಲ್ಲೇ ಬಂದುಬಿಡೋಣ ಅನ್ನುತ್ತಾರೆ. ಬನ್ನಿ, ಆದರೆ ಊರ ನಡುವೆ ನುಗ್ಗಬೇಡಿ. ಹಳೆಯ ಊರಿನ ಭಾಗಕ್ಕೆ ಪರವಾನಗಿ ಇಲ್ಲದ ಗಾಡಿ ಹೋಗುವಂತಿಲ್ಲ. ತಡೆಯಲು ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳು ಕಳೆದ ಮೇಲೆ ಮನೆಗೆ ಬರುತ್ತದೆ. ನ್ಯಾವಿಗೇಶನ್ ಹೇಳಿತು ಅಂತ ಒಂದೇ ಬೀದಿಯಲ್ಲಿ ಎರಡು ಸಲ ಸುತ್ತಿದರೆ ಎರಡು ದಂಡ. ಊರ ಹೊರಗೆ ಟ್ರಾಮ್ ಸ್ಟಾಪಿನ ಹತ್ತಿರ ನಿಲ್ಲಿಸಿ ಟ್ರಾಮ್ ಹತ್ತಿ.

ಬಟ್ಟೆ ವಿಷಯ: ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಬೇಸಿಗೆಯಲ್ಲಿ ಒಂದು ತೆಳುವಾದ ದುಪಟ್ಟಾ ಬ್ಯಾಗಿನಲ್ಲಿ ಇರಲಿ, ಬಿಸಿಲಿಗೂ ಆಗುತ್ತದೆ. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ದಾಟುವುದು ಮಾಮೂಲು, ಬೀದಿಗಳಲ್ಲಿ ಮರ ಕಡಿಮೆ. ಏಪ್ರಿಲ್ ಅಥವಾ ಅಕ್ಟೋಬರ್ ಆದರೆ ಒಳ್ಳೆಯದು. ಶೂ ಹಳೆಯದೇ ಹಾಕಿಕೊಳ್ಳಿ, ಪ್ರವಾಸಕ್ಕೆ ಅಂತ ಹೊಸದು ಕೊಂಡು ಆ ಕಲ್ಲಿನ ಮೇಲೆ ಪರೀಕ್ಷೆ ಮಾಡಬೇಡಿ.

ಬೆಳಿಗ್ಗೆ ಎಂಟೂಕಾಲು: ಡೇವಿಡ್

ಮೊದಲ ಟಿಕೆಟ್ ಅಕಾಡೆಮಿಯಾದ್ದು, ಬಾಗಿಲು ತೆರೆಯುವ ಮೊದಲ ಸರದಿಗೆ. ಸ್ಟೇಷನ್ನಿನಿಂದ ಕಾಲು ಗಂಟೆ ನಡಿಗೆ. ದಾರಿಯಲ್ಲಿ ಯಾವುದಾದರೂ ಬಾರ್‌ಗೆ ನುಗ್ಗಿ (ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಗಾಬರಿ ಬೇಡ), ಕೌಂಟರಿನಲ್ಲಿ ನಿಂತೇ ಕಾಫಿ ಕುಡಿಯಿರಿ. ಕೂತರೆ ಬಿಲ್ ಬೇರೆ. ಚೌಕಗಳ ಸುತ್ತ ಕೂತು ಕುಡಿದರೆ ಮೂರು ಪಟ್ಟು ಕೊಟ್ಟರೂ ಆಶ್ಚರ್ಯವಿಲ್ಲ.

ಈ ಮ್ಯೂಸಿಯಂಗೆ ಒಂದು ಗಂಟೆ ಸಾಕು. ಡೇವಿಡ್ (ಬೈಬಲ್ ಕಥೆಯಲ್ಲಿ ಕವಣೆ ಕಲ್ಲಿನಿಂದ ದೈತ್ಯನನ್ನು ಕೊಂದ ಹುಡುಗ) ನೇರವಾಗಿ ಎದುರಿಗೇ ಕಾಣುತ್ತಾನೆ, ಎಲ್ಲರೂ ಅಲ್ಲಿಗೇ ಓಡುತ್ತಾರೆ. ನೀವು ಓಡಬೇಡಿ. ಆ ಹಾದಿಯ ಎರಡೂ ಬದಿಗೆ ಮೈಕೆಲೇಂಜೆಲೊ ಅರ್ಧಕ್ಕೆ ಬಿಟ್ಟ ವಿಗ್ರಹಗಳಿವೆ, ಸೆರೆಯಾಳುಗಳು ಅಂತ ಕರೆಯುತ್ತಾರೆ. ಒಂದರ ತಲೆ ಇನ್ನೂ ಬಂಡೆಯೊಳಗೇ ಇದೆ, ಇನ್ನೊಂದರ ಬೆನ್ನು ಕಲ್ಲಿಗೆ ಅಂಟಿಕೊಂಡಿದೆ. ಹತ್ತಿರ ಹೋಗಿ ನೋಡಿದರೆ ಉಳಿಯ ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಶಿಲ್ಪಿ ಎಲ್ಲಿ ಕೈ ನಿಲ್ಲಿಸಿದ ಅಂತ ಬೆರಳಿಟ್ಟು ತೋರಿಸಬಹುದು, ಅಷ್ಟು ಸ್ಪಷ್ಟ. (ಮುಟ್ಟಬೇಡಿ ಮತ್ತೆ.) ಇವನ್ನು ನೋಡಿ ಆಮೇಲೆ ಡೇವಿಡ್ ಹತ್ತಿರ ಹೋದರೆ ಕಲ್ಲಿನಿಂದ ಆ ಹುಡುಗ ಹೇಗೆ ಹೊರಗೆ ಬಂದಿರಬಹುದು ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಡೇವಿಡ್ 5 ಮೀಟರ್ 17 ಸೆಂಟಿಮೀಟರ್ ಎತ್ತರ, ಕೆತ್ತಿದ್ದು 1501ರಿಂದ 1504ರವರೆಗೆ. ಕರ್ರಾರಾದ ಆ ಅಮೃತಶಿಲೆಯ ಬಂಡೆಯನ್ನು ಅದಕ್ಕೂ ಮೊದಲು ಇಬ್ಬರು ಶಿಲ್ಪಿಗಳು ಕೈಗೆತ್ತಿಕೊಂಡು ಬಿಟ್ಟಿದ್ದರು. ದಶಕಗಟ್ಟಲೆ ಮಳೆ ಬಿಸಿಲಿಗೆ ಬಿದ್ದಿದ್ದ ಕಲ್ಲನ್ನು ಒಪ್ಪಿಕೊಂಡಾಗ ಮೈಕೆಲೇಂಜೆಲೊಗೆ 26 ವರ್ಷ. ಮುಂದಿನಿಂದ ಒಂದು ಫೋಟೊ ತೆಗೆದು ಹೊರಡುವವರೇ ಹೆಚ್ಚು. ಒಂದು ಸುತ್ತು ಬನ್ನಿ. ಬಲಗೈ ನೋಡಿ, ಮೈಗೆ ಹೋಲಿಸಿದರೆ ದೊಡ್ಡದು, ಹಿಂಗೈ ಮೇಲಿನ ನರಗಳು ಉಬ್ಬಿವೆ. ನಿಮ್ಮ ಬಲಗಡೆಗೆ ಹೋಗಿ ನಿಂತು ಅವನ ನೋಟಕ್ಕೆ ಎದುರಾಗಿ ನೋಡಿ: ಮುಂದಿನಿಂದ ಆರಾಮಾಗಿ ನಿಂತಂತೆ ಕಾಣುವ ಹುಡುಗ ಅಲ್ಲಿಂದ ಹುಬ್ಬು ಗಂಟಿಕ್ಕಿ ಚಿಂತೆಯಲ್ಲಿದ್ದಾನೆ. ಹಿಂದೆ ಕವಣೆಯ ಪಟ್ಟಿ ಎಡಭುಜದಿಂದ ಬೆನ್ನ ಮೇಲೆ ಇಳಿದಿದೆ, ಮುಂದಿನ ಫೋಟೊದಲ್ಲಿ ಅದು ಗೊತ್ತೇ ಆಗುವುದಿಲ್ಲ. ಎಡಗೈ 1527ರ ಗಲಾಟೆಯಲ್ಲಿ ಅರಮನೆಯ ಮೇಲಿಂದ ಎಸೆದ ಬೆಂಚು ಬಿದ್ದು ಮುರಿದಿತ್ತು, ಜೋಡಿಸಿದ್ದಾರೆ. ಆಗ ಅವನು ಸಿನ್ಯೋರಿಯಾ ಚೌಕದಲ್ಲಿ ಬಯಲಲ್ಲಿ ನಿಂತಿದ್ದ. ಇಲ್ಲಿಗೆ ತಂದದ್ದು 1873ರಲ್ಲಿ.

ಒಂಬತ್ತೂವರೆಯ ನಂತರ ದ್ವೋಮೊ

ಅಕಾಡೆಮಿಯಾದಿಂದ ತೆಂಕಣಕ್ಕೆ ನೇರ ನಡೆದರೆ ಬೀದಿಯ ತುದಿಯಲ್ಲಿ ಕೆಂಪು ಗುಮ್ಮಟ ಎದುರಾಗುತ್ತದೆ. ದ್ವೋಮೊ ಒಳಗೆ ಹೋಗಲು ದುಡ್ಡಿಲ್ಲ, ಹತ್ತೂಕಾಲರ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಕ್ಯೂ ಉದ್ದ ಇದ್ದರೂ ಬೇಗ ಸರಿಯುತ್ತದೆ. ಅದಕ್ಕೂ ಮುಂಚೆ ಸಿಗುವ ಹೊತ್ತಿನಲ್ಲಿ ಹೊರಗೆ ಸುತ್ತಿ.

ಎದುರಿಗಿರುವ ಎಂಟು ಮೂಲೆಯ ಕಟ್ಟಡ ಬ್ಯಾಪ್ಟಿಸ್ಟ್ರಿ, ಅಂದರೆ ಕ್ರೈಸ್ತರು ದೀಕ್ಷಾಸ್ನಾನ ಮಾಡಿಸುವ ಜಾಗ. ದ್ವೋಮೊ ಕಡೆಗೆ ಮುಖ ಮಾಡಿದ ಅದರ ಚಿನ್ನದ ಬಣ್ಣದ ಬಾಗಿಲು ಗಿಬೆರ್ತಿ ಅನ್ನುವ ಶಿಲ್ಪಿಯದು. ಮಾಡಲು 27 ವರ್ಷ ತೆಗೆದುಕೊಂಡ, 1425ರಿಂದ 1452. ಈಗ ಅಲ್ಲಿರುವುದು ಪ್ರತಿ, ಮೂಲ ಬಾಗಿಲು ದ್ವೋಮೊ ಹಿಂಭಾಗದಲ್ಲಿರುವ ಅದರ ಮ್ಯೂಸಿಯಂನಲ್ಲಿದೆ. ಆದರೂ ಹತ್ತಿರ ಹೋಗಿ ಚೌಕಟ್ಟಿನ ಸಣ್ಣ ಸಣ್ಣ ತಲೆಗಳನ್ನು ನೋಡಿ. ಅವುಗಳಲ್ಲಿ ಒಂದು ಬೋಳುತಲೆ, ಹುಬ್ಬೇರಿಸಿ ನಿಮ್ಮನ್ನೇ ನೋಡುತ್ತಿರುವ ಮುದುಕ. ಅವನೇ ಗಿಬೆರ್ತಿ. ಗೈಡ್ ಹಿಂದೆ ಬರುವ ಗುಂಪು ದೊಡ್ಡ ಫಲಕಗಳನ್ನಷ್ಟೇ ನೋಡಿ ಹೋಗುತ್ತದೆ.

ಗುಮ್ಮಟದ ಕಥೆ ಗೊತ್ತಿಲ್ಲದೆ ಅದನ್ನು ನೋಡಬಾರದು. ಚರ್ಚು ಶುರುವಾದದ್ದು 1296ರಲ್ಲಿ. ಗೋಡೆ ಎದ್ದವು, ನಡುವೆ ಸುಮಾರು 45 ಮೀಟರ್ ಅಗಲದ ತೆರಪು ಉಳಿಯಿತು, ಅದನ್ನು ಮುಚ್ಚುವುದು ಹೇಗೆ ಅಂತ ಕಟ್ಟಿಸಿದವರಿಗೇ ಗೊತ್ತಿರಲಿಲ್ಲ. ಕಮಾನು ಕಟ್ಟುವಾಗ ಒಣಗುವವರೆಗೆ ಕೆಳಗಿನಿಂದ ಮರದ ಆಧಾರ ಕೊಡಬೇಕಲ್ವಾ? ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಮರ ನಿಲ್ಲಿಸುವುದು ಆಗದ ಮಾತು. ಬ್ರುನೆಲೆಸ್ಕಿ ಅನ್ನುವವನು ಆ ಆಧಾರವೇ ಬೇಡ ಅಂದ. ಒಳಗೊಂದು ಹೊರಗೊಂದು ಎರಡು ಚಿಪ್ಪು ಕಟ್ಟಿ, ಇಟ್ಟಿಗೆಗಳನ್ನು ಅಡ್ಡಡ್ಡ ಇಡುವುದರ ನಡುವೆ ನಡುವೆ ನೆಟ್ಟಗೆ ನಿಲ್ಲಿಸಿ, ಹೆಣಿಗೆಯ ಹಾಗೆ ಒಂದಕ್ಕೊಂದು ಹಿಡಿದುಕೊಳ್ಳುವಂತೆ ಸುತ್ತುಸುತ್ತಾಗಿ ಏರಿಸಿದ. ಪ್ರತಿ ಸುತ್ತೂ ಮುಗಿದ ಕೂಡಲೇ ತನ್ನ ಭಾರ ತಾನೇ ಹೊರುತ್ತಿತ್ತು. 1420ರಲ್ಲಿ ಶುರು, 1436ರಲ್ಲಿ ಮುಗಿಯಿತು. ಚೌಕದ ದಕ್ಷಿಣ ಬದಿಯಲ್ಲಿ ಅವನ ವಿಗ್ರಹವಿದೆ, ಕೂತು ತನ್ನ ಗುಮ್ಮಟವನ್ನೇ ಕತ್ತೆತ್ತಿ ನೋಡುತ್ತಿದ್ದಾನೆ. ಹಿಂಭಾಗಕ್ಕೆ ಹೋದರೆ ನೆಲದಲ್ಲಿ ಒಂದು ದುಂಡನೆಯ ಬಿಳಿ ಅಮೃತಶಿಲೆ ಕಾಣುತ್ತದೆ, ಬೋರ್ಡಿಲ್ಲ ಏನಿಲ್ಲ. 1601ರಲ್ಲಿ ಸಿಡಿಲು ಹೊಡೆದು ಗುಮ್ಮಟದ ತುದಿಯ ತಾಮ್ರದ ಗುಂಡು ಉರುಳಿ ಬಂದು ಬಿದ್ದ ಜಾಗ ಅದು.

ಒಳಗೆ ಹೋದರೆ ಚರ್ಚು ಖಾಲಿ ಖಾಲಿ ಅನ್ನಿಸುತ್ತದೆ, ಹೊರಗಿನ ಹಸಿರು ಬಿಳಿ ಗುಲಾಬಿ ಕಲ್ಲಿನ ಸಂಭ್ರಮ ಒಳಗಿಲ್ಲ. ಹಾಗಂತ ತಕ್ಷಣ ಹೊರಬೀಳಬೇಡಿ. ಹಿಂದಕ್ಕೆ ತಿರುಗಿ ನೀವು ಬಂದ ಗೋಡೆಯ ಮೇಲೆ ನೋಡಿ. ಅಲ್ಲಿ ದೊಡ್ಡ ಗಡಿಯಾರ ಇದೆ, 1443ರಲ್ಲಿ ಪಾವೊಲೊ ಉಚ್ಚೆಲ್ಲೊ ಬಣ್ಣ ಹಚ್ಚಿದ್ದು. ಒಂದೇ ಮುಳ್ಳು, 24 ಅಂಕಿ, ಮತ್ತೆ ಮುಳ್ಳು ಉಲ್ಟಾ ತಿರುಗುತ್ತದೆ. ಅದರ ಲೆಕ್ಕದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ 24 ಗಂಟೆ ಮುಗಿದು ಹೊಸ ದಿನ ಶುರು. ನಮ್ಮ ಪಂಚಾಂಗ ಸೂರ್ಯೋದಯದಿಂದ ಘಳಿಗೆ ಎಣಿಸುತ್ತದೆ, ಇವರು ಅಸ್ತದಿಂದ ಎಣಿಸುತ್ತಿದ್ದರು. ಕತ್ತಲಾಗಲು ಎಷ್ಟು ಹೊತ್ತು ಉಳಿದಿದೆ, ಊರ ಬಾಗಿಲು ಯಾವಾಗ ಮುಚ್ಚುತ್ತದೆ ಅನ್ನುವುದು ಮುಖ್ಯವಾಗಿದ್ದ ಜನಕ್ಕೆ ಅದೇ ಸರಿಯಾದ ಗಡಿಯಾರ. ಇವತ್ತಿಗೂ ಅದು ನಡೆಯುತ್ತಿದೆ.

ಗುಮ್ಮಟ ಹತ್ತಬೇಕಾ? 463 ಮೆಟ್ಟಿಲು, ಲಿಫ್ಟ್ ಇಲ್ಲ, ಕೊನೆಗೆ ಎರಡು ಚಿಪ್ಪಿನ ನಡುವೆ ಬಾಗಿಕೊಂಡು ಹೋಗುವ ಇಕ್ಕಟ್ಟು. ಮಂಡಿ ನೋವು, ಹೃದಯದ ತೊಂದರೆ, ಇಕ್ಕಟ್ಟಿನ ಭಯ ಇದ್ದವರಿಗೆ ಖಂಡಿತ ಬೇಡ, ಅಪ್ಪ ಅಮ್ಮನನ್ನು ಒತ್ತಾಯ ಮಾಡಿ ಹತ್ತಿಸಲೇಬೇಡಿ. ಗಟ್ಟಿಮುಟ್ಟಾಗಿದ್ದು, ಚಿತ್ರಕಲೆಗಿಂತ ಕಟ್ಟಡದಲ್ಲಿ ಆಸಕ್ತಿ ಇದ್ದರೆ ನಿಮ್ಮ ಎರಡನೇ ಟಿಕೆಟ್ ಉಫೀತ್ಸಿ ಬದಲು ಇದೇ ಆಗಲಿ. ಆ ಇಟ್ಟಿಗೆಯ ಹೆಣಿಗೆಯನ್ನು ಒಳಗಿನಿಂದ ನೋಡುವುದು ಬೇರೆಯೇ ಖುಷಿ. ಸುಮ್ನೆ ಮೇಲಿನಿಂದ ಊರು ನೋಡಬೇಕು ಅನ್ನುವವರಿಗೆ ಪಕ್ಕದ ಜೊತ್ತೊ ಗಂಟೆ ಗೋಪುರ ವಾಸಿ: 414 ಮೆಟ್ಟಿಲು, ಮತ್ತೆ ಫೋಟೊದಲ್ಲಿ ಗುಮ್ಮಟವೂ ಬರುತ್ತದೆ.

ಊಟ

ಹನ್ನೆರಡೂವರೆಗೆ ಊಟಕ್ಕೆ ಕೂತುಬಿಡಿ. ಎರಡೂವರೆ ಮೂರರ ನಂತರ ಒಳ್ಳೆಯ ಊಟದ ಮನೆಗಳ ಅಡುಗೆಮನೆ ಮುಚ್ಚುತ್ತದೆ, ರಾತ್ರಿ ಏಳೂವರೆಗೆ ಮೊದಲು ಮತ್ತೆ ತೆರೆಯುವುದಿಲ್ಲ. ಚೌಕದ ಅಂಚಿನಲ್ಲಿ ಬಣ್ಣದ ಫೋಟೊ ಮೆನು ಹಿಡಿದು ಕರೆಯುವವರ ಕಡೆ ತಿರುಗಬೇಡಿ. ಎರಡು ಬೀದಿ ಒಳಗೆ ಹೋಗಿ.

ಸಸ್ಯಾಹಾರಿಗಳಿಗೆ ಈ ಊರು ಭಯಪಡುವಷ್ಟು ಕಷ್ಟವಲ್ಲ. ಇಲ್ಲಿನ ಹಳೆಯ ಅಡುಗೆ ಬಡವರ ಅಡುಗೆ, ಉಳಿದ ಬ್ರೆಡ್ಡು, ಹುರುಳಿಕಾಯಿಯ ಬಿಳಿ ಕಾಳು, ಸೊಪ್ಪು. ರಿಬೊಲ್ಲಿತಾ ಅಂದರೆ ಕಪ್ಪು ಎಲೆಕೋಸಿನ ಸೊಪ್ಪು, ಕಾಳು, ಬ್ರೆಡ್ಡು ಹಾಕಿ ಕುದಿಸಿದ ಗಟ್ಟಿ ಸಾರು. ಚಳಿಗಾಲಕ್ಕೆ ಸೊಗಸು. ಪಾಪ್ಪಾ ಅಲ್ ಪೊಮೊದೊರೊ ಅಂದರೆ ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ತುಳಸಿ ಜಾತಿಯ ಎಲೆ. ಕೆಲವು ಕಡೆ ಒಗ್ಗರಣೆಗೆ ಹಂದಿಯ ಕೊಬ್ಬು ಅಥವಾ ಮಾಂಸದ ನೀರು ಹಾಕುತ್ತಾರೆ, ಆದ್ದರಿಂದ ಹೆಸರು ನೋಡಿ ಸುಮ್ಮನಾಗದೆ 'ಸೆನ್ಸಾ ಕಾರ್ನೆ?' ಅಂತ ಕೇಳಿ, ಮಾಂಸ ಇಲ್ಲ ತಾನೇ ಅಂತ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಪಾರ್ಮೆಸಾನ್ ಚೀಸ್ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥದಿಂದ. ಬೇಡ ಅನ್ನುವವರು ಪಾಸ್ತಾ ಮೇಲೆ ಉದುರಿಸುವ ಮೊದಲೇ ಹೇಳಬೇಕು. ಎಲ್ಲ ತಿನ್ನುವವರಿಗೆ ಲಾಂಪ್ರೆದೊತ್ತೊ ಇದೆ, ಹಸುವಿನ ನಾಲ್ಕನೇ ಹೊಟ್ಟೆಯನ್ನು ಬೇಯಿಸಿ ಬನ್ನಿನಲ್ಲಿ ಹಾಕಿ ಕೊಡುವ ಬೀದಿ ತಿಂಡಿ. ಈ ಊರಿನವರು ಗಾಡಿಯ ಮುಂದೆ ನಿಂತು ತಿನ್ನುವುದು ಅದನ್ನೇ.

ಬ್ರೆಡ್ಡಿಗೆ ಉಪ್ಪು ಇರುವುದಿಲ್ಲ. ಮರೆತದ್ದಲ್ಲ, ಈ ಸೀಮೆಯ, ಅಂದರೆ ತಸ್ಕನಿಯ, ಬ್ರೆಡ್ಡೇ ಹಾಗೆ. ಬ್ಯಾಗಿನಲ್ಲಿ ಚಟ್ನಿಪುಡಿ ಡಬ್ಬಿ ಇದ್ದರೆ ಇದೇ ಅದರ ಸಮಯ, ಆಲಿವ್ ಎಣ್ಣೆ ಮೇಜಿನ ಮೇಲೇ ಇರುತ್ತದೆ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಮೂರು ಯೂರೊ ಕಂಡರೆ ಜಗಳ ಬೇಡ, ಅದು ಕೂತದ್ದಕ್ಕೆ. ಟಿಪ್ಸ್ ಕಡ್ಡಾಯವಲ್ಲ.

ಕೈಯಲ್ಲಿ ಹಿಡಿದು ತಿನ್ನುವ ಸ್ಯಾಂಡ್‌ವಿಚ್ ಸಾಕು ಅನ್ನುವವರು ಸ್ಕಿಯಾಚ್ಚಾತಾ ಕೇಳಿ, ಎಣ್ಣೆ ಸವರಿದ ಚಪ್ಪಟೆ ಬ್ರೆಡ್ಡು, ಒಳಗೆ ಸುಟ್ಟ ಬದನೆ, ಚೀಸ್ ಹಾಕಿಸಿಕೊಳ್ಳಬಹುದು. ಚರ್ಚಿನ ಮೆಟ್ಟಿಲ ಮೇಲೆ, ಅಂಗಡಿ ಬಾಗಿಲಲ್ಲಿ ಕೂತು ತಿನ್ನಬೇಡಿ, ಕೆಲವು ಬೀದಿಗಳಲ್ಲಿ ಅದಕ್ಕೆ ದಂಡವಿದೆ. ಜೆಲಾತೊ (ಇಟಲಿಯ ಐಸ್‌ಕ್ರೀಮ್) ಅಂಗಡಿ ಆರಿಸುವಾಗ ಬಣ್ಣ ನೋಡಿ: ಪಿಸ್ತಾ ಗಿಳಿಹಸಿರಾಗಿದ್ದು, ಗೋಪುರದ ಹಾಗೆ ಎತ್ತರಕ್ಕೆ ಪೇರಿಸಿಟ್ಟಿದ್ದರೆ ಮುಂದೆ ಹೋಗಿ. ಒಳ್ಳೆಯ ಪಿಸ್ತಾ ಮಂಕು ಹಸಿರು, ಪಾತ್ರೆಯೊಳಗೆ ತಗ್ಗಾಗಿ ಇರುತ್ತದೆ.

ವಿಳಾಸ ಹುಡುಕುವಾಗ ಒಂದು ತಮಾಷೆ ನೆನಪಿರಲಿ. ಈ ಊರಿನಲ್ಲಿ ಮನೆಗಳಿಗೆ ಕಪ್ಪು ಅಥವಾ ನೀಲಿ ನಂಬರ್, ಅಂಗಡಿ ಹೋಟೆಲುಗಳಿಗೆ ಕೆಂಪು ನಂಬರ್, ಎರಡರ ಎಣಿಕೆ ಬೇರೆ ಬೇರೆ. 35 ನಂಬರ್ ಸಿಕ್ಕಿತು ಅಂತ ನಿಂತರೆ ಅದು ಯಾರದೋ ಮನೆ, ನಿಮ್ಮ ಹೋಟೆಲ್ ಇರುವ ಕೆಂಪು 35 ಬೀದಿಯ ಆ ತುದಿಯಲ್ಲಿ. ವಿಳಾಸದಲ್ಲಿ ಅಂಕಿಯ ಪಕ್ಕ 'ಆರ್' ಅಕ್ಷರ ಇದ್ದರೆ ಕೆಂಪು ಅಂತ ಅರ್ಥ.

ಮಧ್ಯಾಹ್ನ: ಚೌಕ, ಆಮೇಲೆ ಉಫೀತ್ಸಿ

ಎರಡನೇ ಟಿಕೆಟ್ ಎರಡು ಗಂಟೆಗೆ ಇಟ್ಟುಕೊಳ್ಳಿ, ಬಿಸಿಲು ಜೋರಾಗಿರುವಾಗ ಒಳಗಿರುವುದೇ ಮೇಲು. ಅದಕ್ಕೆ ಮುಂಚೆ ಅರ್ಧ ಗಂಟೆ ಸಿನ್ಯೋರಿಯಾ ಚೌಕಕ್ಕೆ. ಅಲ್ಲಿನ ಹಳೆ ಅರಮನೆ ಪಲಾತ್ಸೊ ವೆಕ್ಕಿಯೊ ಬಾಗಿಲಲ್ಲಿ ನಿಂತಿರುವ ಡೇವಿಡ್ ಪ್ರತಿ. ಪಕ್ಕದ ಕಮಾನಿನ ಮಂಟಪ ಲೊಜ್ಜಾ, ಒಳಗೆ ಹೋಗಲು ದುಡ್ಡಿಲ್ಲ, ವಿಗ್ರಹಗಳು ಅಸಲಿ. ಶಿಲ್ಪಿ ಚೆಲ್ಲಿನಿಯ ಪೆರ್ಸಿಯಸ್ (ಗ್ರೀಕ್ ಪುರಾಣದ ವೀರ) ಹಾವಿನ ಕೂದಲಿನ ರಕ್ಕಸಿ ಮೆಡೂಸಾಳ ತಲೆ ಎತ್ತಿ ಹಿಡಿದಿದ್ದಾನೆ, 1554ರಿಂದ ಅದೇ ಜಾಗ. ಅವನ ಹಿಂದೆ ಹೋಗಿ ಶಿರಸ್ತ್ರಾಣ ನೋಡಿ, ಗಡ್ಡದ ಮುಖವೊಂದು ಮೂಡುತ್ತದೆ. ಅದು ಚೆಲ್ಲಿನಿಯದೇ ಅನ್ನುತ್ತಾರೆ. ನೆಪ್ಚೂನ್ ಕಾರಂಜಿಯ ಮುಂದೆ ನೆಲದಲ್ಲಿ ದುಂಡನೆಯ ಫಲಕವಿದೆ. ಜನರ ಕನ್ನಡಿ, ಚಿತ್ರ, ಪುಸ್ತಕಗಳನ್ನು 1497ರಲ್ಲಿ ಇದೇ ಚೌಕದಲ್ಲಿ ರಾಶಿ ಹಾಕಿ ಸುಡಿಸಿದ ಸನ್ಯಾಸಿ ಸವೊನರೊಲಾನನ್ನು ಮರುವರ್ಷ ಮೇ 23ರಂದು ಅಲ್ಲಿಯೇ ನೇಣು ಹಾಕಿ ಸುಟ್ಟರು.

ಉಫೀತ್ಸಿಯಲ್ಲಿ ಎಲ್ಲ ಕೋಣೆ ನೋಡುತ್ತೇನೆ ಅನ್ನುವವರು ಐದನೇ ಕೋಣೆಗೆ ಸುಸ್ತಾಗುತ್ತಾರೆ. ಎರಡು ಗಂಟೆ ಸಾಕು, ಹೀಗೆ ಮಾಡಿ. ನೇರ ಮೇಲಿನ ಮಹಡಿಗೆ ಹೋಗಿ. ಶುರುವಿನಲ್ಲೇ ಒಂದು ದೊಡ್ಡ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸಿಂಹಾಸನದಲ್ಲಿ ಕೂತ ಮೇರಿಯ ಮೂರು ಎತ್ತರದ ಚಿತ್ರಗಳಿವೆ: ಚಿಮಾಬುಯೆ, ದುಚ್ಚೊ, ಜೊತ್ತೊ. ಮೊದಲ ಎರಡರಲ್ಲಿ ತಾಯಿ ಬಂಗಾರದ ಹಿನ್ನೆಲೆಯಲ್ಲಿ ತೇಲುತ್ತಾಳೆ. ಜೊತ್ತೊನ ಮೇರಿಗೆ ಮೈಭಾರ ಇದೆ, ಬಟ್ಟೆಯೊಳಗೆ ಮಂಡಿ ಇದೆ, ಕುರ್ಚಿ ನಿಜವಾಗಿ ಕೂರುವಂಥದ್ದು. ನಡುವಿನ ಅಂತರ ಕೆಲವೇ ದಶಕ. ಚಿತ್ರಕಲೆಯ ಗಂಧಗಾಳಿ ಇಲ್ಲದವರಿಗೂ ಈ ಕೋಣೆಯಲ್ಲಿ ಏನೋ ಆಯಿತು ಅಂತ ಕಾಣುತ್ತದೆ.

ಆಮೇಲೆ ಬೊಟ್ಟಿಚೆಲ್ಲಿ. ಚಿಪ್ಪಿನ ಮೇಲೆ ನಿಂತ ವೀನಸ್ ಮುಂದೆ ಜನಜಂಗುಳಿ, ಬದಿಯಿಂದ ಹತ್ತಿರ ಹೋಗಿ ಕೂದಲಿನ ಎಳೆಗಳಲ್ಲಿ ಬಂಗಾರದ ಗೆರೆ ಹುಡುಕಿ. ಮುಂದೆ ಲಿಯೊನಾರ್ಡೊ, ಮೈಕೆಲೇಂಜೆಲೊನ ದುಂಡು ಚಿತ್ರ, ಅದಕ್ಕೆ ಚೌಕಟ್ಟು ಆ ಕಾಲದ್ದೇ. ಕೆಳಗಿನ ಮಹಡಿಯಲ್ಲಿ ಕರವಾಜ್ಜೊನ ಮೆಡೂಸಾ, ಆರ್ತೆಮಿಸಿಯಾ ಜೆಂತಿಲೆಸ್ಕಿ ಬಿಡಿಸಿದ ಜೂಡಿತ್. ಅಷ್ಟೇ, ಹೊರಗೆ ಬನ್ನಿ. ಮೇಲಿನ ಮೊಗಸಾಲೆ ತಿರುಗುವಲ್ಲಿ ನದಿಯ ಕಡೆಯ ಕಿಟಕಿ ಮಾತ್ರ ತಪ್ಪಿಸಬೇಡಿ, ಹಳೆ ಸೇತುವೆ ಪೊಂತೆ ವೆಕ್ಕಿಯೊ ಅಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಇದೆಲ್ಲ ಒಂದೇ ಊರಿನಲ್ಲಿ ಉಳಿದದ್ದು ಹೇಗೆ? ಈ ಊರನ್ನು ಆಳಿದ ಮೆದಿಚಿ ಮನೆತನದ ಕೊನೆಯ ಹೆಣ್ಣುಮಗಳು ಆನ್ನಾ ಮರಿಯಾ ಲೂಯಿಸಾ. ಗಂಡು ಸಂತಾನ ನಿಂತು ರಾಜ್ಯ ಬೇರೆ ಮನೆತನಕ್ಕೆ ಹೋಗುವಾಗ, 1737ರಲ್ಲಿ ಅವಳು ಕರಾರು ಮಾಡಿಸಿದಳು: ಚಿತ್ರ, ವಿಗ್ರಹ, ಪುಸ್ತಕ ಒಂದನ್ನೂ ಈ ಊರು ಬಿಟ್ಟು ಒಯ್ಯುವಂತಿಲ್ಲ. ಹೊಸಬರು ಬಂದು ಹಂಚಿಕೊಂಡು ಹೋಗಬಹುದಾಗಿದ್ದ ಆಸ್ತಿ ಆ ಒಂದು ಕಾಗದದಿಂದ ನಿಂತಿತು.

ಚಿತ್ರ ನೋಡುವ ಮನಸ್ಸೇ ಇಲ್ಲದವರಿಗೆ ಸಾಂತಾ ಕ್ರೋಚೆ ಚರ್ಚು ಆದೀತು. ಟಿಕೆಟ್ ಅಗ್ಗ, ಒಳಗೆ ಮೈಕೆಲೇಂಜೆಲೊ, ಗೆಲಿಲಿಯೊ, ಮಕಿಯಾವೆಲ್ಲಿ ಸಮಾಧಿಗಳು. ದಾಂತೆಗೂ ಒಂದು ಇದೆ, ಆದರೆ ಖಾಲಿ. ಊರು ಗಡಿಪಾರು ಮಾಡಿದ ಕವಿ 1321ರಲ್ಲಿ ರಾವೆನ್ನಾದಲ್ಲಿ ತೀರಿಕೊಂಡ, ರಾವೆನ್ನಾದವರು ಇವತ್ತಿಗೂ ಅವನನ್ನು ಕೊಟ್ಟಿಲ್ಲ.

ನಾಲ್ಕರ ನಂತರ ನದಿ ಕಡೆಗೆ

ಉಫೀತ್ಸಿ ಹಿಂದಿನ ನೇರಿ ಬೀದಿಗೆ ಸಾನ್ ರೆಮಿಜೊ ಬೀದಿ ಸೇರುವ ಮೂಲೆಯಲ್ಲಿ ಗೋಡೆ ಮೇಲೆ ನಿಮ್ಮ ತಲೆಗಿಂತ ಬಹಳ ಮೇಲೆ ಎರಡು ಫಲಕಗಳಿವೆ. ಒಂದು 1333ರ ನೆರೆ, ಇನ್ನೊಂದು 1966ರ ನೆರೆ ಏರಿದ ಮಟ್ಟ. ಎರಡೂ ನವೆಂಬರ್ 4. ಮೊದಲ ನೆರೆಗೆ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ 1345ರಲ್ಲಿ ಕಟ್ಟಿದ್ದೇ ಈಗಿನ ಪೊಂತೆ ವೆಕ್ಕಿಯೊ. ಅದರ ಮೇಲೆ ಮೊದಲು ಕಟುಕರ ಅಂಗಡಿಗಳಿದ್ದವು. ಮೇಲಿನ ಮುಚ್ಚಿದ ಓಣಿಯಲ್ಲಿ ಅರಮನೆಯಿಂದ ಅರಮನೆಗೆ ಓಡಾಡುತ್ತಿದ್ದ ದೊರೆಗೆ ವಾಸನೆ ತಡೆಯಲಾಗದೆ 1593ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ತಂದ. ಈಗಲೂ ಬಂಗಾರದ ಅಂಗಡಿಗಳೇ. ನೋಡಿ, ಕೊಳ್ಳುವುದು ಬೇಡ, ಅಲ್ಲಿನ ದರಕ್ಕೆ ಮೇಕಿಂಗ್ ಚಾರ್ಜ್ ಬಗ್ಗೆ ಗೊಣಗುವ ನಮ್ಮವರು ದಂಗಾಗುತ್ತಾರೆ.

ಸೇತುವೆಯ ಫೋಟೊ ಸೇತುವೆ ಮೇಲೆ ನಿಂತರೆ ಬರುವುದಿಲ್ಲ ಅಲ್ವಾ. ಪಶ್ಚಿಮಕ್ಕಿರುವ ಪಕ್ಕದ ಸಾಂತಾ ತ್ರಿನಿತಾ ಸೇತುವೆಗೆ ಹೋಗಿ. 1944ರ ಆಗಸ್ಟ್‌ನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಪೊಂತೆ ವೆಕ್ಕಿಯೊ ಒಂದನ್ನು ಬಿಟ್ಟು ಎಲ್ಲ ಸೇತುವೆ ಉಡಾಯಿಸಿತು. ಊರಿನವರು ನದಿಯಿಂದ ಕಲ್ಲು ಎತ್ತಿ ಇದನ್ನು ಮೊದಲಿದ್ದಂತೆಯೇ ಮತ್ತೆ ಕಟ್ಟಿದರು. ಮೂಲೆಗಳಲ್ಲಿರುವ ನಾಲ್ಕು ಋತುಗಳ ವಿಗ್ರಹಗಳಲ್ಲಿ ವಸಂತಳ ತಲೆ ಸಿಕ್ಕಿದ್ದು 1961ರಲ್ಲಿ, ನದಿಯ ತಳದಲ್ಲಿ.

ಹುಷಾರಾಗಿರಬೇಕಾದದ್ದೂ ಇಲ್ಲೇ. ಜನ ಓಡಾಡುವ ದಾರಿಯಲ್ಲಿ ಅಗ್ಗದ ಚಿತ್ರಗಳನ್ನು ನೆಲಕ್ಕೆ ಹಾಸಿರುತ್ತಾರೆ. ಮೇಲೆ ನೋಡುತ್ತ ನಡೆಯುವವರು ತುಳಿದರೆ ಹಾಳಾಯಿತು, ದುಡ್ಡು ಕೊಡಿ ಅಂತ ಹಿಡಿದುಕೊಳ್ಳುತ್ತಾರೆ. ನಿಲ್ಲದೆ ಮುಂದೆ ಹೋಗಿ. ಕೈಗೆ ದಾರ ಕಟ್ಟಲು ಬಂದರೆ ಕೈ ಹಿಂದಕ್ಕೆ. ಪಾಸ್‌ಪೋರ್ಟ್ ಇರುವ ಬ್ಯಾಗ್ ಎದೆಯ ಮೇಲೆ. ನೀರಿನ ಬಾಟಲಿ ಬಿಸಾಡಬೇಡಿ, ಬೀದಿ ನಲ್ಲಿಗಳಲ್ಲಿ ಕುಡಿಯುವ ನೀರು ಬರುತ್ತದೆ. ಶೌಚಾಲಯಕ್ಕೆ ಸಾರ್ವಜನಿಕ ಕಡೆ ಸುಮಾರು ಒಂದು ಯೂರೊ. ಅಷ್ಟೇ ದುಡ್ಡಿಗೆ ಬಾರ್‌ನಲ್ಲಿ ಒಂದು ಕಾಫಿ ಕುಡಿದು ಅಲ್ಲಿನದನ್ನು ಬಳಸುವುದು ಜಾಣತನ.

ನದಿ ದಾಟಿ ಪೂರ್ವಕ್ಕೆ ತಿರುಗಿ, ಸಾನ್ ನಿಕ್ಕೊಲೊ ಓಣಿಗಳ ಮೂಲಕ ಮೆಟ್ಟಿಲು ಹತ್ತಿದರೆ ಪಿಯಾತ್ಸಾಲೆ ಮಿಕೆಲಾಂಜೆಲೊ. ಹತ್ತಲಾಗದವರಿಗೆ ಸಿಟಿ ಬಸ್ ಇದೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಬಂದರೆ ಮೆಟ್ಟಿಲಲ್ಲಿ ಜಾಗ ಸಿಗುತ್ತದೆ. ನನ್ನ ಪ್ರಕಾರ ಇನ್ನೂ ಐದು ಹತ್ತು ನಿಮಿಷ ಮೇಲೆ ಹತ್ತಿ ಸಾನ್ ಮಿನಿಯಾತೊ ಚರ್ಚಿನ ಅಂಗಳಕ್ಕೆ ಹೋಗುವುದು ಮೇಲು: ಅದೇ ನೋಟ, ಗದ್ದಲ ಕಡಿಮೆ, ಗಿಟಾರ್ ಮೈಕು ಯಾವುದೂ ಇಲ್ಲ. ಇಳಿದು ಸ್ಟೇಷನ್ನಿಗೆ ನಡೆದರೆ ಮುಕ್ಕಾಲು ಗಂಟೆ ಹಿಡಿಯಬಹುದು, ರೈಲನ್ನು ಅದಕ್ಕೆ ಸರಿಯಾಗಿ ಬುಕ್ ಮಾಡಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಹೊತ್ತಿಗೆ.

ರಾತ್ರಿ ಉಳಿದು ಮರುದಿನ ಬೆಳಿಗ್ಗೆ ಕೈಯಲ್ಲಿ ಎರಡು ಗಂಟೆ ಇದ್ದವರಿಗೆ, ಅದರಲ್ಲೂ ಬೆಳಗಾವಿ ಕಡೆಯವರಿಗೆ ಇನ್ನೊಂದು ಜಾಗ. ಊರ ಪಶ್ಚಿಮಕ್ಕೆ ನದಿ ದಂಡೆಯ ಕಾಶೀನೆ ಉದ್ಯಾನದ ಕಟ್ಟಕಡೆಯ ತುದಿಯಲ್ಲಿ ನಮ್ಮ ಕಡೆಯ ಶೈಲಿಯ ಒಂದು ಮಂಟಪ, ಒಳಗೆ ಪೇಟ ತೊಟ್ಟ ಯುವಕನ ಬಣ್ಣದ ಪ್ರತಿಮೆ. ಕೊಲ್ಹಾಪುರದ ಮಹಾರಾಜ ಎರಡನೇ ರಾಜಾರಾಮ್. ಹೌದು, ಮಹಾಲಕ್ಷ್ಮಿ ದರ್ಶನಕ್ಕೆ ಹೋಗಿ ಬರುತ್ತೀರಲ್ಲ, ಅದೇ ಕೊಲ್ಹಾಪುರ. ಇಂಗ್ಲೆಂಡ್ ಪ್ರವಾಸ ಮುಗಿಸಿ ಮರಳುವಾಗ 1870ರ ನವೆಂಬರ್ 30ರಂದು ಇಲ್ಲೇ ತೀರಿಕೊಂಡ, ವಯಸ್ಸು ಇಪ್ಪತ್ತರ ಆಸುಪಾಸು. ಹೆಣ ಸುಡುವ ರೂಢಿಯೇ ಇಲ್ಲದ ಊರು, ಆದರೂ ಆರ್ನೊಗೆ ಮುನ್ಯೋನೆ ಹೊಳೆ ಸೇರುವ ಸಂಗಮದಲ್ಲಿ ಚಿತೆ ಹೊತ್ತಿಸಲು ಒಪ್ಪಿದರು. ಮಂಟಪ ಕಟ್ಟಿದ್ದು 1874ರಲ್ಲಿ. ಪಕ್ಕದ ದೊಡ್ಡ ಸೇತುವೆಗೆ ಜನ ಭಾರತೀಯನ ಸೇತುವೆ ಅಂತಲೇ ಹೆಸರಿಟ್ಟಿದ್ದಾರೆ. ಟ್ರಾಮ್ ಇಳಿದು ಉದ್ಯಾನದ ಉದ್ದಕ್ಕೂ ಸುಮಾರು ಮೂರು ಕಿಲೋಮೀಟರ್, ಬಾಡಿಗೆ ಸೈಕಲ್ ತೆಗೆದುಕೊಳ್ಳಿ. ಕತ್ತಲಾದ ಮೇಲೆ ಆ ಕಡೆ ಬೇಡ. ಮಂಗಳವಾರ ಬೆಳಿಗ್ಗೆ ಆದರೆ ಅದೇ ಉದ್ಯಾನದಲ್ಲಿ ವಾರದ ಸಂತೆ ನೆರೆಯುತ್ತದೆ, ಹಣ್ಣು ಚೀಸು ಅಲ್ಲಿಯೇ ಕೊಂಡು ಮಧ್ಯಾಹ್ನದ ರೈಲಿಗೆ ಕಟ್ಟಿಸಿಕೊಳ್ಳಿ.